ಜತ್ತದ ಬೇದಾಣೆ ಎಐ ಕಣ್ಣಿಗೆ ಬೀಳಬೇಕಾದರೆ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಬೇದಾಣೆ ಸುಗ್ಗಿ. ಕೊಯ್ದ ದ್ರಾಕ್ಷಿ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಯ ರ್ಯಾಕುಗಳ ಮೇಲೆ ಹರವುತ್ತಾರೆ. ಎರಡು ವಾರದ ಆಸುಪಾಸಿನಲ್ಲಿ ನಾಲ್ಕು ಕಿಲೋ ದ್ರಾಕ್ಷಿ ಒಣಗಿ ಒಂದು ಕಿಲೋ ಬೇದಾಣೆ ಆಗುತ್ತದೆ. ಅಲ್ಲಿಂದ ಅದು ತಾಸಗಾಂವಕ್ಕೋ ಸಾಂಗಲಿಗೋ ಹೋಗುತ್ತದೆ, ಹರಾಜಾಗುತ್ತದೆ, ಅಡತಿಯವರ ಕೈ ದಾಟಿ ದೇಶದ ನಾನಾ ಕಡೆ ಹರಡುತ್ತದೆ. ಸಾಂಗಲಿ ಬೇದಾಣೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ ಬೆಂಗಳೂರಿನ ಮನೆಯಲ್ಲಿ ಪಾಯಸಕ್ಕೆ ಬೀಳುವ ಒಣದ್ರಾಕ್ಷಿ ಉಮದಿಯ ಹೊಲದ್ದೋ ಸಂಖದ ಹೊಲದ್ದೋ ಎಂಬುದು ತಿನ್ನುವವರಿಗೆ ತಿಳಿಯುವುದಿಲ್ಲ. ಬೆಳೆದವರ ಹೆಸರು ಹರಾಜು ಕಟ್ಟೆಯಲ್ಲೇ ಉಳಿದುಬಿಡುತ್ತದೆ.

ಆ ಹೆಸರು ಗಿರಾಕಿಯ ತನಕ ಹೋಗಬೇಕು ಎಂಬ ಆಸೆಯಿಂದ ಸ್ವಂತ ಪ್ಯಾಕಿಂಗಿಗೆ ಇಳಿಯುವ ಹುಡುಗ ಹುಡುಗಿಯರು ಮೊದಲು ಯೋಚಿಸುವುದು ವೆಬ್‌ಸೈಟಿನ ಬಗ್ಗೆ. ವಿಕ್ಸ್‌ನಲ್ಲಿ ಮಾಡಿಸಬೇಕೋ ವರ್ಡ್‌ಪ್ರೆಸ್‌ನಲ್ಲೋ? ಸ್ಕ್ವೇರ್‌ಸ್ಪೇಸ್ ಚಂದ ಕಾಣುತ್ತದಂತೆ, ವೆಬ್‌ಫ್ಲೋ ಅದಕ್ಕಿಂತ ಚಂದವಂತೆ, ಯಾವುದು ಒಳ್ಳೆಯದು? ಹೀಗೆ ಕೇಳುವಾಗ ಅವರ ಕಣ್ಣ ಮುಂದೆ ಇರುವುದು ಅಂದದ ಚಿತ್ರ. ಪುಟ ತೆರೆದ ಕೂಡಲೇ ತೋಟದ ವಿಡಿಯೊ ಓಡಬೇಕು, ಹೊಂಬಣ್ಣದ ಅಕ್ಷರ ತೇಲಿ ಬರಬೇಕು. ಆಸೆ ತಪ್ಪಲ್ಲ. ಆದರೆ ಆ ಪುಟವನ್ನು ಮೊದಲು ತೆರೆಯುವುದು ಈಗ ಮನುಷ್ಯರೇ ಆಗಿರಬೇಕೆಂದಿಲ್ಲ. ಈ ಅಂಕಣ ಬರೆಯಲು ಅದೇ ಕಾರಣ.

ಎರಡು ಮೂರು ವರ್ಷಗಳಲ್ಲಿ ಹುಡುಕಾಟದ ರೀತಿಯೇ ಬದಲಾಗಿದೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಗೂಗಲ್ ತನ್ನ ಹುಡುಕಾಟದ ಫಲಿತಾಂಶಗಳ ಮೇಲೆ ಎಐ ಬರೆದ ಸಾರಾಂಶ ತೋರಿಸುವುದನ್ನು ಭಾರತದಲ್ಲಿ 2024ರ ಆಗಸ್ಟ್‌ನಲ್ಲಿ ಶುರುಮಾಡಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಚಾಟ್‌ಜಿಪಿಟಿಯೊಳಗೇ ಅಂತರ್ಜಾಲದ ಹುಡುಕಾಟ ಸೇರಿತು. 2025ರಲ್ಲಿ ಗೂಗಲ್‌ನ ಎಐ ಮೋಡ್ ಕನ್ನಡಕ್ಕೂ ಮರಾಠಿಗೂ ಬಂತು. ಅದೇ ವರ್ಷ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿಯನ್ನು, ಜಿಯೋ ಜೆಮಿನಿಯನ್ನು ಪುಕ್ಕಟೆ ಕೊಟ್ಟವು. ಹೀಗಾಗಿ ತಾಲ್ಲೂಕು ಕೇಂದ್ರದ ಹುಡುಗನ ಮೊಬೈಲಿನಲ್ಲೂ ಬೆಂಗಳೂರಿನ ಸಗಟು ವ್ಯಾಪಾರಿಯ ಮೊಬೈಲಿನಲ್ಲೂ ಈಗ ಅದೇ ಯಂತ್ರ ಇದೆ. ‘ಗಂಧಕದ ಹೊಗೆ ಹಾಕದ ಬೇದಾಣೆ ರೈತರಿಂದ ನೇರವಾಗಿ ಎಲ್ಲಿ ಸಿಗುತ್ತದೆ’ ಎಂದು ಕೇಳಿದರೆ ಅದು ಹತ್ತು ಕೊಂಡಿ ಕೊಟ್ಟು ಸುಮ್ಮನಾಗುವುದಿಲ್ಲ. ನಾಲ್ಕು ಸಾಲಿನ ಉತ್ತರ ಬರೆದು ಎರಡೋ ಮೂರೋ ಹೆಸರು ಹೇಳುತ್ತದೆ. ಆ ಹೆಸರುಗಳಲ್ಲಿ ನಿಮ್ಮದು ಇಲ್ಲದಿದ್ದರೆ ಗಿರಾಕಿ ನಿಮ್ಮ ಪುಟದ ಹೊಸಿಲಿಗೂ ಬರುವುದಿಲ್ಲ, ಒಳಗಿನ ವಿಡಿಯೊ ಎಷ್ಟೇ ಚಂದವಿರಲಿ.

ಯಂತ್ರ ಹೆಸರು ಹೇಳಬೇಕಾದರೆ ಮೊದಲು ಓದಬೇಕು. ಅದು ಓದುವುದು ಹೇಗೆ ಎಂಬುದು ತಿಳಿದರೆ ಯಾವ ಬಿಲ್ಡರ್ (ವೆಬ್‌ಸೈಟ್ ಕಟ್ಟುವ ಸಲಕರಣೆ) ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆ.

ಗೂಗಲ್‌ಗೆ ಗೂಗಲ್‌ಬಾಟ್ ಇರುವ ಹಾಗೆ ಚಾಟ್‌ಜಿಪಿಟಿ, ಕ್ಲಾಡ್, ಪರ್‌ಪ್ಲೆಕ್ಸಿಟಿಗಳಿಗೂ ತಮ್ಮ ತಮ್ಮ ಕ್ರಾಲರ್‌ಗಳಿವೆ. ಊರೂರು ತಿರುಗುವ ಗಣತಿದಾರರಂತೆ ಅವು ಒಂದೊಂದೇ ಪುಟಕ್ಕೆ ಹೋಗಿ ಅಲ್ಲಿರುವ ಬರಹವನ್ನು ಎತ್ತಿಕೊಂಡು ಬರುತ್ತವೆ. ಗೂಗಲ್‌ಬಾಟ್ ಹಳೆಯ ಕೈ. ಪುಟದಲ್ಲಿರುವ ಜಾವಾಸ್ಕ್ರಿಪ್ಟ್ ಓಡಿಸಿ, ಮನುಷ್ಯರ ಬ್ರೌಸರಿನಲ್ಲಿ ಕಾಣುವ ರೂಪವನ್ನೇ ನೋಡಬಲ್ಲದು. ಎಐ ಕಂಪನಿಗಳ ಬಹುತೇಕ ಕ್ರಾಲರ್‌ಗಳಿಗೆ ಅಷ್ಟು ತಾಳ್ಮೆಯಿಲ್ಲ. ಅವು ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ ಎಂದು ವರ್ಸೆಲ್ ಕಂಪನಿ 2024ರ ಕೊನೆಗೆ ಪ್ರಕಟಿಸಿದ ಪರಿಶೀಲನೆ ತೋರಿಸಿತು. ಸರ್ವರಿನಿಂದ ಮೊದಲ ಏಟಿಗೆ ಬಂದ ಬರಹದಲ್ಲಿ ಏನಿದೆಯೋ ಅದೇ ಅವಕ್ಕೆ ಪುಟ. ಆಮೇಲೆ ತೇಲಿ ಬರುವ ಅಕ್ಷರ, ಒತ್ತಿದ ಮೇಲೆ ತುಂಬಿಕೊಳ್ಳುವ ಪಟ್ಟಿ, ಕೆಳಗೆ ಸರಿಸಿದಾಗ ಮೂಡುವ ವಿವರ, ಇವು ಜಾವಾಸ್ಕ್ರಿಪ್ಟಿನಿಂದಲೇ ಹುಟ್ಟುವುದಾದರೆ ಅವಕ್ಕೆ ಇದ್ದೂ ಇಲ್ಲದಂತೆ.

ನಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ತಾಲ್ಲೂಕು ಊರುಗಳಲ್ಲಿ ಕನ್ನಡ, ಮರಾಠಿ ಅಕ್ಷರ ಜೋಡಣೆ ಬೆಳೆದದ್ದು ಡಿಟಿಪಿ ಅಂಗಡಿಗಳಲ್ಲಿ. ಲಗ್ನಪತ್ರಿಕೆ, ಜಾತ್ರೆಯ ಫ್ಲೆಕ್ಸು, ಅಂಗಡಿಯ ಬೋರ್ಡು ಎಲ್ಲವೂ ಕೋರಲ್‌ಡ್ರಾದಲ್ಲಿ, ನುಡಿ ಅಥವಾ ಶ್ರೀಲಿಪಿ ಅಕ್ಷರಗಳಲ್ಲಿ ಆಗುತ್ತವೆ. ವೆಬ್‌ಸೈಟ್ ಮಾಡುವವರು ಅದೇ ಅಂಗಡಿಗೆ ಹೋಗಿ ಒಂದು ಬ್ಯಾನರ್ ಮಾಡಿಸಿಕೊಂಡು ಬಂದು ಪುಟದ ನೆತ್ತಿಗೆ ಅಂಟಿಸುತ್ತಾರೆ. ಊರಿನ ಹೆಸರು, ಮಾಲಿನ ಹೆಸರು, ದರ್ಜೆ, ಫೋನ್ ನಂಬರು ಎಲ್ಲವೂ ಆ ಚಿತ್ರದೊಳಗೇ. ನೋಡಲು ಭರ್ಜರಿ. ಎಐಗೆ ಚಿತ್ರ ಓದಲು ಬರುವುದಿಲ್ಲ ಎಂದಲ್ಲ, ನೀವೇ ಫೋಟೊ ಕೊಟ್ಟು ಕೇಳಿದರೆ ಓದಿ ಹೇಳುತ್ತದೆ. ಆದರೆ ಪುಟದಿಂದ ಪುಟಕ್ಕೆ ಓಡುವ ಕ್ರಾಲರ್ ಪ್ರತಿ ಚಿತ್ರವನ್ನೂ ಬಿಡಿಸಿ ಓದುತ್ತ ಕೂರುತ್ತದೆಂದು ನಂಬಿ ವ್ಯಾಪಾರ ಮಾಡಲಾಗದು. ಇನ್ನು ನುಡಿಯ ಹಳೆಯ ಆವೃತ್ತಿಯಲ್ಲಿ ಬೆರಳಚ್ಚು ಮಾಡಿದ್ದನ್ನು ನೇರ ಪುಟಕ್ಕೆ ಹಾಕಿದರೆ ಕತೆ ಮತ್ತೂ ಕೆಡುತ್ತದೆ. ಆ ಅಕ್ಷರಗಳು ನಮ್ಮ ಕಣ್ಣಿಗೆ ಕನ್ನಡವಾದರೂ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಲ್ಲಿ ಉಳಿದಿರುತ್ತವೆ. ಯಂತ್ರಕ್ಕೆ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯೂನಿಕೋಡ್‌ನಲ್ಲಿ ಬರೆದದ್ದು ಮಾತ್ರ ಯಂತ್ರದ ಪಾಲಿಗೆ ಕನ್ನಡ. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ, ಮೊಬೈಲಿನ ಕೀಲಿಮಣೆ ಹೇಗೂ ಯೂನಿಕೋಡೇ. ಆದ್ದರಿಂದ ಪುಟಕ್ಕೆ ಬೇಕಾದ ಬರಹವನ್ನು ಮೊಬೈಲಿನಲ್ಲೇ ಬರೆದುಕೊಟ್ಟರೂ ಸಾಕು.

ನಿಮ್ಮ ಪುಟ ಯಂತ್ರಕ್ಕೆ ಕಾಣುತ್ತದೆಯೇ ಎಂದು ತಿಳಿಯಲು ಯಾವ ಪರಿಣತರೂ ಬೇಡ. ಮೊದಲು ಮೊಬೈಲಿನಲ್ಲಿ ಪುಟ ತೆರೆದು ಊರಿನ ಹೆಸರಿನ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಅಕ್ಷರ ನೀಲಿಯಾಗಿ ಆಯ್ಕೆಯಾದರೆ ಅದು ಬರಹ; ಚಿತ್ರ ಉಳಿಸಲೇ ಎಂದು ಕೇಳಿದರೆ ಅದು ಚಿತ್ರ. ಆಮೇಲೆ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದು ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ. ಪುಟದ ಮೂಲ ಸಂಕೇತ ತೆರೆದುಕೊಳ್ಳುತ್ತದೆ. ಅಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ ‘ಬೇದಾಣೆ’ ಎಂದು ಹುಡುಕಿ. ಸಿಕ್ಕರೆ ಎಐ ಕ್ರಾಲರ್‌ಗೂ ಸಿಗುತ್ತದೆ. ಸಿಗದಿದ್ದರೆ ನಿಮ್ಮ ಕಣ್ಣಿಗೆ ಕಾಣುವ ಬೇದಾಣೆ ಅದರ ಕಣ್ಣಿಗೆ ಇಲ್ಲ.

ಈಗ ಬಿಲ್ಡರ್‌ಗಳ ಮಾತಿಗೆ ಬರೋಣ. ವಿಕ್ಸ್ 2006ರಲ್ಲಿ ಇಸ್ರೇಲಿನಲ್ಲಿ ಹುಟ್ಟಿದ್ದು. ಎಳೆದು ಬಿಟ್ಟು ಪುಟ ಕಟ್ಟಬಹುದು, ಕಲಿಯಲು ಸುಲಭ. ಒಂದು ಕಾಲಕ್ಕೆ ಹುಡುಕುಯಂತ್ರಗಳಿಗೆ ಅದರ ಪುಟ ಕಾಣುವುದಿಲ್ಲ ಎಂಬ ದೂರಿತ್ತು, ಈಗ ಆ ದೂರಿಗೆ ಹುರುಳಿಲ್ಲ; ಅದು ಬರಹವನ್ನು ಸರ್ವರಿನಲ್ಲೇ ಸಿದ್ಧಮಾಡಿ ಕಳಿಸುತ್ತದೆ. ಸ್ಕ್ವೇರ್‌ಸ್ಪೇಸ್ ಸಿದ್ಧ ವಿನ್ಯಾಸಗಳ ಅಂದಕ್ಕೆ ಹೆಸರಾದದ್ದು, ಛಾಯಾಗ್ರಾಹಕರಿಗೆ, ಕಲಾವಿದರಿಗೆ ಹೇಳಿ ಮಾಡಿಸಿದಂತಿದೆ. ವೆಬ್‌ಫ್ಲೋ, ಫ್ರೇಮರ್ ವಿನ್ಯಾಸಕಾರರ ಕೈಯ ಸಲಕರಣೆಗಳು, ಅವುಗಳ ಪುಟವೂ ಕ್ರಾಲರ್‌ಗೆ ತಡೆಯಿಲ್ಲದೆ ಸಿಗುತ್ತದೆ. ಅಂದರೆ ಹೆಸರು ಮಾಡಿದ ಬಿಲ್ಡರ್‌ಗಳಲ್ಲಿ ‘ಇದು ಎಐಗೆ ಕಾಣುತ್ತದೆ, ಅದು ಕಾಣುವುದಿಲ್ಲ’ ಎಂದು ಗೆರೆ ಎಳೆಯುವ ಹಾಗಿಲ್ಲ. ಆ ಹೆಸರಿನಲ್ಲಿ ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವವರ ಮಾತಿಗೆ ಕಿವಿಗೊಡಬೇಡಿ.

ಎಚ್ಚರ ಬೇಕಿರುವುದು ಎಐಗೆ ಹೇಳಿ ಕ್ಷಣದಲ್ಲಿ ಕಟ್ಟಿಸಿದ ಸೈಟುಗಳ ವಿಷಯದಲ್ಲಿ. ‘ಬೇದಾಣೆ ಅಂಗಡಿಗೆ ಚಂದದ ಪುಟ ಮಾಡಿಕೊಡು’ ಎಂದರೆ ಮಾಡಿಕೊಡುವ ಸಲಕರಣೆಗಳು ಈಗ ಹಲವಿವೆ. ಅವುಗಳಲ್ಲಿ ಎಷ್ಟೋ ಪುಟಗಳು ಸರ್ವರಿನಿಂದ ಖಾಲಿ ಚೌಕಟ್ಟಾಗಿ ಬಂದು ಬ್ರೌಸರಿನೊಳಗೆ ಜಾವಾಸ್ಕ್ರಿಪ್ಟಿನಿಂದ ತುಂಬಿಕೊಳ್ಳುವ ಜಾತಿಯವು. ಎಐ ಕಟ್ಟಿಕೊಟ್ಟ ಪುಟವನ್ನು ಎಐ ಕ್ರಾಲರೇ ಓದಲಾರದ ಸ್ಥಿತಿ ಇಲ್ಲಿ ನಿಜವಾಗಿಯೂ ಉಂಟಾಗುತ್ತದೆ. ಮೇಲೆ ಹೇಳಿದ ಪರೀಕ್ಷೆಯನ್ನು ಇಂಥ ಪುಟಗಳಿಗೆ ತಪ್ಪದೆ ಮಾಡಬೇಕು.

ನನ್ನ ಆಯ್ಕೆ ಕೇಳಿದರೆ, ಜತ್ತದ ಸಣ್ಣ ಬೆಳೆಗಾರ, ವ್ಯಾಪಾರಿ, ಲಾಡ್ಜಿನ ಮಾಲೀಕನಿಗೆ ವರ್ಡ್‌ಪ್ರೆಸ್. ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಅದರ ಮೇಲೇ ನಿಂತಿವೆ. 2003ರಿಂದ ಇರುವ ಮುಕ್ತ ತಂತ್ರಾಂಶ. ಅದನ್ನು ಬಲ್ಲ ಹುಡುಗರು ಸಾಂಗಲಿಯಲ್ಲೂ ಸಿಗುತ್ತಾರೆ, ವಿಜಯಪುರದಲ್ಲೂ ಸಿಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಬರೆದದ್ದು ನಿಮ್ಮದು. ನಾಳೆ ಹೋಸ್ಟಿಂಗ್ ಕಂಪನಿ ಬೇಡವೆನಿಸಿದರೆ ಇಡೀ ಸೈಟನ್ನು ಗಂಟು ಕಟ್ಟಿಕೊಂಡು ಬೇರೆಡೆಗೆ ಹೋಗಬಹುದು. ವಿಕ್ಸ್‌ನಲ್ಲಿ ಕಟ್ಟಿದ ಪುಟವನ್ನು ಹಾಗೆಯೇ ಎತ್ತಿ ಬೇರೆಡೆ ಕೂರಿಸಲು ಬರುವುದಿಲ್ಲ. ಸ್ಕ್ವೇರ್‌ಸ್ಪೇಸಿನಿಂದ ಸ್ವಲ್ಪ ಭಾಗ ಹೊರತೆಗೆಯಬಹುದು. ವೆಬ್‌ಫ್ಲೋ ದುಡ್ಡು ಕೊಟ್ಟ ಯೋಜನೆಯಲ್ಲಿ ಪುಟಗಳ ಸಂಕೇತ ಕೊಡುತ್ತದೆ.

ಈ ಮಾತಿಗೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆಂದರೆ, ಕಣ್ಣೆದುರೇ ಒಂದು ಉದಾಹರಣೆ ಇದೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ನೋಂದಾಯಿಸಿದವರಿಗೆ ಗೂಗಲ್ ಪುಕ್ಕಟೆಯಾಗಿ ಒಂದು ಪುಟ ಮಾಡಿಕೊಡುತ್ತಿತ್ತು. ಸಣ್ಣ ಊರಿನ ಕಿರಾಣಿ, ಹೋಟೆಲ್, ಗ್ಯಾರೇಜುಗಳವರಿಗೆ ಅದೇ ಮೊದಲ ವೆಬ್‌ಸೈಟು. 2024ರ ಮಾರ್ಚಿನಲ್ಲಿ ಗೂಗಲ್ ಅವನ್ನೆಲ್ಲ ಮುಚ್ಚಿತು. ಜೂನ್ ತನಕ ಆ ವಿಳಾಸಕ್ಕೆ ಹೋದವರನ್ನು ಮ್ಯಾಪಿನ ವಿವರಕ್ಕೆ ಕಳಿಸುತ್ತಿತ್ತು, ಆಮೇಲೆ ಅದೂ ನಿಂತಿತು. ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ ವಿಳಾಸ ಎಲ್ಲಿಗೂ ಹೋಗದಂತಾಯಿತು. ಪುಕ್ಕಟೆ ಬಂದದ್ದು ಎಂದು ಗೂಗಲ್ ಮೇಲೆ ಸಿಟ್ಟಾಗಿ ಫಲವಿಲ್ಲ, ಆದರೆ ಪಾಠ ಕಲಿಯಬಹುದು. ಸ್ವಂತ ಡೊಮೇನ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಖರ್ಚು. ಬಿಲ್ಡರ್ ಯಾವುದೇ ಇರಲಿ, ಆ ಹೆಸರು ಮಾತ್ರ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ಇರಲಿ. ಸೈಟು ಮಾಡಿಕೊಟ್ಟವರ ಇಮೇಲಿನಲ್ಲಿ ಇರಬಾರದು.

ಹಾಗಾದರೆ ಅಂದ ಬೇಡವೇ? ಬೇಕು. ಬೇದಾಣೆಯನ್ನು ಕೊಳ್ಳುವವರು ಕಣ್ಣಿನಿಂದಲೇ ಕೊಳ್ಳುತ್ತಾರೆ. ಹಸಿರು, ಹಳದಿ, ಕಪ್ಪು ಎಂಬ ಬಣ್ಣ, ಕಾಳಿನ ಗಾತ್ರ, ಹೊಳಪು, ಕಡ್ಡಿ ಉಳಿದಿದೆಯೇ ಎಂಬುದು ಎಲ್ಲ ಫೋಟೊದಲ್ಲಿ ಕಾಣಬೇಕು. ದಾಳಿಂಬೆಗೂ ಅಷ್ಟೇ, ಭಗವಾ ತಳಿಯ ಕೇಸರಿ ಮಿಶ್ರಿತ ಕೆಂಪು ಸಿಪ್ಪೆಯನ್ನು ಮಾತಿನಲ್ಲಿ ಹೇಳಿ ಮುಗಿಯುವುದಿಲ್ಲ. ಎಐ ನಿಮ್ಮ ಹೆಸರು ಹೇಳಿದ ಮೇಲೆ ಗಿರಾಕಿ ಪುಟಕ್ಕೆ ಬಂದು ನೋಡುತ್ತಾನೆ, ಅಲ್ಲಿ ಮಬ್ಬು ಚಿತ್ರ, ಒಡೆದ ವಿನ್ಯಾಸ ಕಂಡರೆ ಹಿಂದೆ ಸರಿಯುತ್ತಾನೆ. ಮಾವಿನ ತೋಪಿನಲ್ಲಿ ರೆಸಾರ್ಟ್ ಮಾಡಿದವರು, ಮದುವೆ ಫೋಟೊ ತೆಗೆಯುವವರು ಅಂದಕ್ಕೇ ಮೊದಲ ಮಣೆ ಹಾಕಿದರೆ ನಾನು ತಕರಾರು ತೆಗೆಯುವುದಿಲ್ಲ, ಅವರ ಸರಕೇ ಅಂದ. ನನ್ನ ಮಾತಿಷ್ಟೇ: ಪ್ರತಿ ಚಿತ್ರದ ಕೆಳಗೆ ಅದು ಏನೆಂದು ಒಂದೆರಡು ಸಾಲು ಬರೆಯಿರಿ. ಚಿತ್ರ ಸೇರಿಸುವಾಗ ಬಿಲ್ಡರ್ ಕೇಳುವ ‘ಆಲ್ಟ್ ಟೆಕ್ಸ್ಟ್’ ಎಂಬ ಖಾನೆಯನ್ನು ಖಾಲಿ ಬಿಡಬೇಡಿ. ಅದು ಕಣ್ಣು ಕಾಣದವರಿಗೆ ಚಿತ್ರವನ್ನು ಓದಿ ಹೇಳಲೆಂದು ಇರುವ ಸೌಲಭ್ಯ. ಅವರಿಗೆ ಉಪಕಾರವಾದದ್ದು ಯಂತ್ರಕ್ಕೂ ಆಗುತ್ತದೆ.

ಅಂದದ ವಿಷಯದಲ್ಲೂ ಕನ್ನಡಕ್ಕೆ ತನ್ನದೇ ಕಷ್ಟವಿದೆ. ಈ ಬಿಲ್ಡರ್‌ಗಳ ಸಿದ್ಧ ವಿನ್ಯಾಸಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಅಳತೆ ಹಿಡಿದು ಹೊಲಿದವು. ದಪ್ಪ ಶೀರ್ಷಿಕೆಯಲ್ಲಿ ಸಾಲಿಗೆ ಸಾಲು ಅಂಟಿಕೊಂಡಿರುತ್ತದೆ. ಅದರಲ್ಲಿ ‘ಜತ್ತ’ ಎಂದು ಬರೆದು ನೋಡಿ, ಕೆಳಗಿನ ಒತ್ತು ಮುಂದಿನ ಸಾಲಿನ ತಲೆಗೆ ಬಡಿಯುತ್ತದೆ ಅಥವಾ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ‘ಗುಡ್ಡಾಪುರ’ಕ್ಕೂ ಅದೇ ಗತಿ. ಚಂದದ ಇಂಗ್ಲಿಷ್ ಫಾಂಟಿನಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ, ಮೊಬೈಲು ತನ್ನಲ್ಲಿದ್ದ ಫಾಂಟನ್ನು ತಂದು ಕೂರಿಸುತ್ತದೆ, ವಿನ್ಯಾಸದ ಹದ ಕೆಡುತ್ತದೆ. ಇದರಿಂದ ಬೇಸತ್ತೇ ಎಷ್ಟೋ ಜನ ಕನ್ನಡವನ್ನು ಚಿತ್ರ ಮಾಡಿ ಹಾಕುವುದು. ಪರಿಹಾರ ಸುಲಭ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟೀರೊ ಕನ್ನಡ, ಹುಬ್ಬಳ್ಳಿ ಮುಂತಾದ ಪುಕ್ಕಟೆ ಯೂನಿಕೋಡ್ ಫಾಂಟುಗಳಿವೆ. ಅವುಗಳಲ್ಲಿ ಒಂದನ್ನು ಆರಿಸಿ, ಸಾಲುಗಳ ನಡುವಿನ ಅಂತರ ಹೆಚ್ಚಿಸಿದರೆ ಕನ್ನಡದ ಶೀರ್ಷಿಕೆ ಯಾವ ಇಂಗ್ಲಿಷ್ ಪುಟಕ್ಕೂ ಕಡಿಮೆ ಕಾಣುವುದಿಲ್ಲ. ಬಿಲ್ಡರ್ ಆರಿಸುವಾಗ ಅದರಲ್ಲಿ ಬೇಕಾದ ಫಾಂಟು ಸೇರಿಸಲು, ಸಾಲಿನ ಅಂತರ ಬದಲಿಸಲು ಬರುತ್ತದೆಯೇ ಎಂದು ಕೇಳಿ.

ಪುಟದ ಭಾಷೆ ಯಾವುದಿರಬೇಕು? ಜತ್ತದ ಮಟ್ಟಿಗೆ ಇದು ಅಂದಕ್ಕಿಂತ ದೊಡ್ಡ ಪ್ರಶ್ನೆ. ತಾಲ್ಲೂಕಿನ ಪೂರ್ವ ಭಾಗದಲ್ಲಿ ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಕಚೇರಿಯ ವ್ಯವಹಾರ ಮರಾಠಿ. ಉಮದಿಯವರಿಗೆ ತಮ್ಮ ಜಿಲ್ಲಾ ಕೇಂದ್ರ ಸಾಂಗಲಿಗಿಂತ ವಿಜಯಪುರ ಹತ್ತಿರ. ಗಿರಾಕಿ ಎರಡೂ ಕಡೆಯವನು. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರೇ ಸುಮಾರು 10 ಲಕ್ಷ. ಆದ್ದರಿಂದ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಪುಟ ಬೇಕು. ಇಲ್ಲಿ ಹೆಚ್ಚಿನವರು ಮಾಡುವುದೇನೆಂದರೆ ಇಂಗ್ಲಿಷಿನಲ್ಲಿ ಪುಟ ಮಾಡಿ ಮೂಲೆಯಲ್ಲಿ ಅನುವಾದದ ಗುಂಡಿ ಕೂರಿಸುವುದು. ಗುಂಡಿ ಒತ್ತಿದಾಗ ಹುಟ್ಟುವ ಕನ್ನಡ ಕ್ರಾಲರ್‌ಗೆ ಸಿಗುವುದಿಲ್ಲ, ಅದು ಗುಂಡಿ ಒತ್ತುವುದಿಲ್ಲ. ಒಂದೊಂದು ಭಾಷೆಗೆ ಒಂದೊಂದು ಪ್ರತ್ಯೇಕ ವಿಳಾಸದ ಪುಟ ಇರಬೇಕು. ವರ್ಡ್‌ಪ್ರೆಸ್‌ನಲ್ಲಿ ಪಾಲಿಲ್ಯಾಂಗ್ ಎಂಬ ಪ್ಲಗಿನ್, ವಿಕ್ಸ್‌ನಲ್ಲಿ ಅದರದೇ ಬಹುಭಾಷಾ ಸೌಲಭ್ಯ ಈ ಕೆಲಸ ಮಾಡುತ್ತವೆ. ಸ್ಕ್ವೇರ್‌ಸ್ಪೇಸ್ ಇದಕ್ಕೆ ಬೇರೊಂದು ಕಂಪನಿಯ ಸೇವೆಯನ್ನು ನೆಚ್ಚಿಕೊಂಡಿದೆ, ನನ್ನ ಲೆಕ್ಕದಲ್ಲಿ ಅದು ಗಡಿಭಾಗದವರಿಗೆ ಹಿಡಿಸುವುದಿಲ್ಲ.

ಊರಿನ ಹೆಸರಿನಲ್ಲೂ ಒಂದು ಸೂಕ್ಷ್ಮವಿದೆ. ಇಂಗ್ಲಿಷಿನಲ್ಲಿ ಜತ್ತವನ್ನು ಕೊನೆಗೆ ‘ಎಚ್’ ಸೇರಿಸಿಯೂ ಬರೆಯುತ್ತಾರೆ, ಸೇರಿಸದೆಯೂ ಬರೆಯುತ್ತಾರೆ. ‘ಎಚ್’ ಇಲ್ಲದ ರೂಪ ಉತ್ತರ ಭಾರತದ ಜಾಟ್ ಸಮುದಾಯದ ಹೆಸರೇ ಆಗಿಬಿಡುತ್ತದೆ. ಯಂತ್ರ ಎಡವಲು ಇಷ್ಟು ಸಾಕು. ‘ಜತ್ತ ತಾಲ್ಲೂಕು, ಸಾಂಗಲಿ ಜಿಲ್ಲೆ, ಮಹಾರಾಷ್ಟ್ರ’ ಎಂದು ಪೂರ್ತಿಯಾಗಿ, ಜೊತೆಗೆ ಪಿನ್‌ಕೋಡ್, ವಿಜಯಪುರದಿಂದ ಎಷ್ಟು ದೂರ ಎಂಬ ಸಾಲು ಪುಟದಲ್ಲಿ ಇರಲಿ. ಅದೇ ಹೆಸರು, ಅದೇ ವಿಳಾಸ, ಅದೇ ಫೋನ್ ನಂಬರು ಗೂಗಲ್ ಮ್ಯಾಪು, ಇಂಡಿಯಾಮಾರ್ಟ್, ಫೇಸ್‌ಬುಕ್ ಎಲ್ಲ ಕಡೆಯೂ ಅಕ್ಷರಕ್ಕಕ್ಷರ ಒಂದೇ ಇರಲಿ. ಬಿಂಗ್‌ನಲ್ಲೂ ಸೈಟನ್ನು ನೋಂದಾಯಿಸಿ, ಅದನ್ನು ಯಾರು ನೋಡುತ್ತಾರೆಂದು ಬಿಡಬೇಡಿ. ಚಾಟ್‌ಜಿಪಿಟಿಯ ಹುಡುಕಾಟ ಬಿಂಗ್‌ನ ಮೇಲೂ ಒರಗಿಕೊಂಡಿದೆ.

ಇನ್ನು ಏನು ಬರೆಯಬೇಕು? ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ದಿಲ್ಲಿಯ ಐಐಟಿ ಮತ್ತಿತರ ಕಡೆಯ ಸಂಶೋಧಕರು 2023ರಲ್ಲಿ ಒಂದು ಪ್ರಬಂಧ ಹೊರತಂದರು. ಎಂಥ ಬರಹವನ್ನು ಎಐ ತನ್ನ ಉತ್ತರಕ್ಕೆ ಎತ್ತಿಕೊಳ್ಳುತ್ತದೆ ಎಂಬುದು ಅವರ ಪ್ರಶ್ನೆ. ಅಂಕಿಅಂಶ, ಆಧಾರದ ಉಲ್ಲೇಖ, ಬಲ್ಲವರ ಹೇಳಿಕೆ ಇರುವ ಬರಹಕ್ಕೆ ಎದ್ದು ಕಾಣುವ ಲಾಭವಾಯಿತು, ಕೆಲವೆಡೆ ಶೇ 40ರವರೆಗೂ. ಒಂದೇ ಪದವನ್ನು ಪದೇ ಪದೇ ತುರುಕುವ ಹಳೆಯ ಚಾಳಿಯಿಂದ ಏನೂ ಪ್ರಯೋಜನವಾಗಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಯಂತ್ರಕ್ಕೂ ಗಟ್ಟಿ ಮಾತೇ ಬೇಕು.

‘ಉತ್ಕೃಷ್ಟ ಗುಣಮಟ್ಟದ, ಗ್ರಾಹಕರ ನಂಬುಗೆಯ ಬೇದಾಣೆ’ ಎಂದು ಬರೆದರೆ ಅದರಿಂದ ಎಐ ಯಾವ ಉತ್ತರವನ್ನೂ ಕಟ್ಟಲಾರದು. ಅದೇ ಜಾಗದಲ್ಲಿ ಹೀಗೆ ಬರೆಯಿರಿ: ‘ಇದು ಸೋನಾಕಾ ತಳಿಯ ದ್ರಾಕ್ಷಿಯ ಬೇದಾಣೆ. ಅಕ್ಟೋಬರಿನಲ್ಲಿ ಚಾಟಣಿ (ಬಳ್ಳಿ ಸವರುವಿಕೆ), ಫೆಬ್ರವರಿ ಕೊನೆಗೆ ಕೊಯ್ಲು. ಶೆಡ್ಡಿನಲ್ಲಿ ಇಷ್ಟು ದಿನ ಒಣಗಿಸಿದ್ದೇವೆ. ಗಂಧಕದ ಹೊಗೆ ಕೊಟ್ಟಿಲ್ಲ, ಹಾಗಾಗಿ ಬಣ್ಣ ಕಂದು. ಐದು ಕಿಲೋದಿಂದ ಮೇಲೆ ಕಳಿಸುತ್ತೇವೆ. ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗೆ ಪಾರ್ಸಲ್ ಹೋಗುತ್ತದೆ.’ ಇದರಲ್ಲಿ ಗಿರಾಕಿಯ ಆರು ಪ್ರಶ್ನೆಗೆ ಉತ್ತರವಿದೆ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನೂ ಬರಹದಲ್ಲೇ ಹಾಕಿ. ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿದ್ದರೆ ಅದನ್ನೂ ಬರೆಯಿರಿ, ನೋಂದಾಯಿಸಿರದಿದ್ದರೆ ಆ ಹೆಸರು ಬಳಸಬೇಡಿ.

ಗುಡ್ಡಾಪುರದ ದಾನಮ್ಮದೇವಿ ಗುಡಿಯ ಸುತ್ತ ಬದುಕು ಕಟ್ಟಿಕೊಂಡ ಅಂಗಡಿ, ಖಾನಾವಳಿ, ಲಾಡ್ಜುಗಳವರಿಗೂ ಇದೇ ಮಾತು. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕದಿಂದ ಭಕ್ತರು ತಂಡ ತಂಡವಾಗಿ ನಡೆದುಕೊಂಡು ಬರುತ್ತಾರೆ. ಅವರ ಮನೆಯ ಹುಡುಗರು ಮೊಬೈಲಿನಲ್ಲಿ ಕನ್ನಡದಲ್ಲೇ ಕೇಳುವುದು ಸಣ್ಣ ಸಣ್ಣ ಸಂಗತಿ: ರಾತ್ರಿ ಉಳಿಯಲು ಕೋಣೆ ಇದೆಯೇ, ವಿಜಯಪುರಕ್ಕೆ ಕೊನೆಯ ಬಸ್ ಎಷ್ಟು ಗಂಟೆಗೆ, ಗಾಡಿ ಎಲ್ಲಿ ನಿಲ್ಲಿಸಬೇಕು, ಬಿಸಿನೀರು ಸಿಗುತ್ತದೆಯೇ. ಗುಡಿಯ ಶಿಖರದ ಚಿತ್ರದ ಮೇಲೆ ‘ಸುಸ್ವಾಗತ’ ಎಂದು ಹೊಳೆಯುವ ಪುಟ ಇವುಗಳಿಗೆ ಉತ್ತರ ಕೊಡುವುದಿಲ್ಲ. ಆ ಪ್ರಶ್ನೆಗಳನ್ನೇ ತಲೆಬರಹ ಮಾಡಿ ಕೆಳಗೆ ಎರಡು ಸಾಲಿನ ಉತ್ತರ ಬರೆದ ಸಾದಾ ಪುಟ ಕೊಡುತ್ತದೆ. ಮಾಡಗ್ಯಾಳದ ಕುರಿ ಸಾಕುವವರ ವಿಷಯವೂ ಹೀಗೇ. ಬಾಗಿದ ಮೂಗಿನ, ಬಿಳಿ ಮೈಮೇಲೆ ಕಂದು ಮಚ್ಚೆಯ ಆ ತಳಿಯ ಒಳ್ಳೆಯ ಟಗರಿಗೆ ಲಕ್ಷಗಟ್ಟಲೆ ಬೆಲೆ ಬರುತ್ತದೆ. ತಳಿಯ ಗುರುತು, ಮರಿಯ ಪ್ರಾಯ, ಮೇವಿನ ಕ್ರಮ ಬಲ್ಲ ಕುರಿಗಾರರು ಅದನ್ನು ಬರೆಸಿ ಹಾಕಿದರೆ ಅದಕ್ಕಿಂತ ಅಧಿಕೃತ ಮಾಹಿತಿ ಯಂತ್ರಕ್ಕೆ ಬೇರೆಲ್ಲೂ ಸಿಗದು.

ಎಲ್ಲ ಬರೆದ ಮೇಲೂ ಬಾಗಿಲು ಮುಚ್ಚಿರಬಹುದು, ಅದನ್ನು ನೋಡಿಕೊಳ್ಳಬೇಕು. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ರೀಡಿಂಗ್’ ಎಂಬಲ್ಲಿ, ಹುಡುಕುಯಂತ್ರಗಳು ಈ ಸೈಟಿಗೆ ಬರುವುದು ಬೇಡ ಎನ್ನುವ ಒಂದು ಚೌಕವಿದೆ. ಸೈಟು ಕಟ್ಟುವಾಗ ಅದಕ್ಕೆ ಟಿಕ್ ಹಾಕಿ ಆಮೇಲೆ ತೆಗೆಯುವುದನ್ನು ಮರೆಯುವುದು ಸಾಮಾನ್ಯ. ಸ್ಕ್ವೇರ್‌ಸ್ಪೇಸ್‌ನಲ್ಲಿ ಎಐ ಕ್ರಾಲರ್‌ಗಳನ್ನು ತಡೆಯುವ ಆಯ್ಕೆ ಬೇರೆಯೇ ಇದೆ. ಕ್ಲೌಡ್‌ಫ್ಲೇರ್ ಕಂಪನಿ 2025ರ ಜುಲೈ 1ರಿಂದ ಹೊಸದಾಗಿ ಸೇರುವ ಡೊಮೇನ್‌ಗಳಿಗೆ ಎಐ ಕ್ರಾಲರ್‌ಗಳನ್ನು ತಾನಾಗಿಯೇ ತಡೆಯುವ ಕ್ರಮ ತಂದಿತು. ಪತ್ರಿಕೆಗಳಿಗೆ, ಲೇಖಕರಿಗೆ ಅದು ನ್ಯಾಯವಾದ ರಕ್ಷಣೆ. ಅವರ ಬರಹವೇ ಅವರ ಸರಕು. ಬೇದಾಣೆ ಮಾರುವವರ ಸರಕು ಬೇದಾಣೆ. ಅವರು ಬಾಗಿಲು ತೆರೆದಿಡುವುದೇ ಲೇಸು.

ಸದ್ಯ ಇನ್ನೊಂದು ಹಾವಳಿ ಶುರುವಾಗಿದೆ. ‘ಚಾಟ್‌ಜಿಪಿಟಿಯಲ್ಲಿ ನಿಮ್ಮ ಅಂಗಡಿಯನ್ನು ಮೊದಲ ಸ್ಥಾನಕ್ಕೆ ತರುತ್ತೇವೆ’ ಎಂದು ಫೋನ್ ಮಾಡಿ ತಿಂಗಳಿಗಿಷ್ಟು ಎಂದು ಕೇಳುವವರು. ಅಂಥ ಖಾತರಿ ಕೊಡಲು ಯಾರ ಕೈಯಲ್ಲೂ ಆಗದು. ಒಂದೇ ಪ್ರಶ್ನೆಗೆ ಎಐ ಬೆಳಿಗ್ಗೆ ಒಂದು ಉತ್ತರ, ಸಂಜೆ ಇನ್ನೊಂದು ಉತ್ತರ ಕೊಡುತ್ತದೆ. ಎಐಗೆಂದೇ ಒಂದು ವಿಶೇಷ ಕಡತ ಸೇರಿಸಿಕೊಡುತ್ತೇವೆ ಎಂದು ದುಡ್ಡು ಕೇಳಿದರೂ ಯೋಚಿಸಿ. ಜೆರೆಮಿ ಹೋವರ್ಡ್ ಎಂಬವರು 2024ರಲ್ಲಿ ಸೂಚಿಸಿದ ಅಂಥ ಕಡತವೊಂದಿದೆ, ಹಾಕಿದರೆ ಕೆಡುಕಿಲ್ಲ, ಆದರೆ ತನ್ನ ಎಐ ಉತ್ತರಗಳಿಗೆ ಬೇರೆ ವಿಶೇಷ ಕಸರತ್ತು ಬೇಕಿಲ್ಲ, ಸಾಮಾನ್ಯ ಹುಡುಕಾಟಕ್ಕೆ ಬೇಕಾದ ಶಿಸ್ತೇ ಸಾಕು ಎಂದು ಗೂಗಲ್ ತಾನೇ ಹೇಳಿದೆ. ಅಂಗಡಿಯ ಹೆಸರು, ವಿಳಾಸ, ವೇಳೆ, ಬೆಲೆಗಳನ್ನು ಯಂತ್ರಕ್ಕೆ ತಿಳಿಯುವ ಚೌಕಟ್ಟಿನಲ್ಲಿ ಕೊಡುವ ‘ಸ್ಕೀಮಾ’ ಎಂಬ ಪದ್ಧತಿ 2011ರಿಂದ ಇದೆ. ಅದನ್ನು ಮಾತ್ರ ಮಾಡಿಸಿಕೊಳ್ಳಿ, ಹೆಚ್ಚಿನ ಬಿಲ್ಡರ್‌ಗಳಲ್ಲಿ ಖಾನೆ ತುಂಬಿದರೆ ತಾನಾಗಿ ಆಗುತ್ತದೆ.

ಕನ್ನಡದಲ್ಲಿ ಜತ್ತದ ಬಗ್ಗೆ ಅಂತರ್ಜಾಲದಲ್ಲಿ ಹುಡುಕಿದರೆ ಎದುರಾಗುವುದು ಹೆಚ್ಚಾಗಿ ಗಡಿ ತಂಟೆಯ ಸುದ್ದಿ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಆ ರಾಜ್ಯಕ್ಕೆ ಸೇರಬೇಕೆಂಬ ಇಲ್ಲಿನ ಹಳ್ಳಿಗಳ ಹಳೆಯ ಠರಾವನ್ನು ಎತ್ತಿ ಆಡಿದ ಮಾತು, ಅದಕ್ಕೆ ಮುಂಬಯಿಯಿಂದ ಬಂದ ಉತ್ತರ, ನೀರಿನ ಬವಣೆ. ಆ ಸುದ್ದಿಗಳೂ ನಿಜ, ಆ ಬವಣೆಯೂ ನಿಜ. ಆದರೆ ಅಷ್ಟನ್ನೇ ಓದಿದ ಯಂತ್ರ ಜತ್ತವೆಂದರೆ ಜಗಳ, ಬರ ಎಂದೇ ಹೇಳುತ್ತದೆ. ಅದೇ ಬರದ ನೆಲದಲ್ಲಿ ಹನಿ ನೀರು ಲೆಕ್ಕ ಹಾಕಿ ದ್ರಾಕ್ಷಿ, ದಾಳಿಂಬೆ ಬೆಳೆದವರ ಮಾತು ಅದಕ್ಕೆ ಸಿಕ್ಕಿಲ್ಲ, ಏಕೆಂದರೆ ಆ ಮಾತು ಕನ್ನಡದ ಬರಹವಾಗಿ ಎಲ್ಲೂ ಸಾಕಷ್ಟು ಕೂತಿಲ್ಲ. ಬೇರೆಯವರು ಬಂದು ಬರೆಯುತ್ತಾರೆಂದು ಕಾಯುವ ಕಾಲ ಇದಲ್ಲ. ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗ ಹುಡುಗಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅಪ್ಪನ ಶೆಡ್ಡಿನ ಬಗ್ಗೆ, ಅಜ್ಜನ ಕುರಿ ಹಿಂಡಿನ ಬಗ್ಗೆ ಒಂದು ಪುಟ ಚೊಕ್ಕ ಕನ್ನಡ ಬರೆಯಲು ಅವರಿಗೆ ಬರುತ್ತದೆ. ಅವರಿಂದ ಬರೆಸಿ.

ಈ ಸುಗ್ಗಿಗೆ ವೆಬ್‌ಸೈಟ್ ಮಾಡಿಸುವವರು ಇದ್ದರೆ ಒಂದು ಕೆಲಸ ಮಾಡಿ. ಸೈಟು ಮಾಡಿಕೊಟ್ಟವರು ಕಡೆಯ ಕಂತು ಕೇಳಲು ಬಂದಾಗ ಅವರ ಎದುರಿಗೇ ಪುಟದ ಮೂಲ ಸಂಕೇತ ತೆರೆದು, ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಹುಡುಕಿ. ಸಿಕ್ಕಿದ ಮೇಲೆ ದುಡ್ಡು ಕೊಡಿ.